ನಾಲ್ಕು ನದಿಗಳ ಕಾರಂಜಿಯನ್ನು ಜಲವರ್ಣದಲ್ಲಿ ಬಿಡಿಸುವುದು: ಒಂದು ಸಮಗ್ರ ಮಾರ್ಗದರ್ಶಿ

ಕೆತ್ತನೆ ತುಂಬಿದ ಹಳೆಯ ಕಾರಂಜಿಯೊಂದನ್ನು ಜಲವರ್ಣದಲ್ಲಿ ಬಿಡಿಸಲು ಕುಳಿತವರಿಗೆ ಎರಡು ಕಷ್ಟಗಳು ಒಟ್ಟಿಗೇ ಎದುರಾಗುತ್ತವೆ. ಕೆತ್ತನೆಯನ್ನು ಎಷ್ಟು ಬಿಡಿಸಿದರೂ ಅದು ಮುಗಿಯುವುದಿಲ್ಲ; ನೀರಿಗೆ ಎಷ್ಟು ಬಣ್ಣ ಹಾಕಿದರೂ ಅದು ನೀರಾಗುವುದಿಲ್ಲ. ಜಲವರ್ಣದಲ್ಲಿ ಬಿಳಿ ಎಂದರೆ ಕಾಗದದ ಬಿಳಿಯೇ ಆಗಿರುವುದರಿಂದ, ಎಲ್ಲಿ ಬಣ್ಣ ಹಾಕಬೇಕು ಎಂದು ಯೋಚಿಸುವ ಮೊದಲು ಎಲ್ಲಿ ಕಾಗದವನ್ನು ಮುಟ್ಟದೆ ಉಳಿಸಬೇಕು ಎಂದು ನಿರ್ಧರಿಸಿಕೊಂಡರೆ ಈ ಎರಡೂ ಕಷ್ಟಗಳು ಬಹುಮಟ್ಟಿಗೆ ಬಗೆಹರಿಯುತ್ತವೆ ಎಂಬುದು ನನ್ನ ದೃಢವಾದ ನಂಬಿಕೆ. ಮುಂದಿನ ಪ್ರತಿಯೊಂದು ಹಂತವನ್ನೂ ಈ ನಂಬಿಕೆಯ ಮೇಲೆಯೇ ಕಟ್ಟಿದ್ದೇನೆ.

ಉದಾಹರಣೆಗೆ ತೆಗೆದುಕೊಂಡಿರುವುದು ರೋಮ್ ನಗರದ ಪಿಯಾಜ್ಜಾ ನವೋನಾ ಚೌಕದ ನಡುವಿರುವ ನಾಲ್ಕು ನದಿಗಳ ಕಾರಂಜಿ. ಹತ್ತನೇ ಇನೊಸೆಂಟ್ ಪೋಪ್ ಆಗಿದ್ದ ಕಾಲದಲ್ಲಿ ಶಿಲ್ಪಿ ಜಾನ್ ಲೊರೆಂಜೊ ಬರ್ನಿನಿ ರೂಪಿಸಿದ ಈ ಕಾರಂಜಿ 1651ರಲ್ಲಿ ಪೂರ್ಣಗೊಂಡಿತು. ಒರಟು ಬಂಡೆಯ ಗುಡ್ಡೆಯೊಂದರ ಮೇಲೆ ಡ್ಯಾನ್ಯೂಬ್, ನೈಲ್, ಗಂಗಾ ಮತ್ತು ರಿಯೊ ಡೆ ಲಾ ಪ್ಲಾಟಾ ನದಿಗಳನ್ನು ಪ್ರತಿನಿಧಿಸುವ ನಾಲ್ಕು ಬೃಹತ್ ಪ್ರತಿಮೆಗಳು ಒರಗಿ ಕುಳಿತಿವೆ. ಅವುಗಳ ನಡುವಿನಿಂದ ಗ್ರಾನೈಟಿನ ಒಬೆಲಿಸ್ಕ್, ಅಂದರೆ ಚೂಪು ತುದಿಯ ನಾಲ್ಕು ಮುಖದ ಸ್ತಂಭವೊಂದು, ಸುಮಾರು 16 ಮೀಟರ್ ಎತ್ತರಕ್ಕೆ ನೆಟ್ಟಗೆ ಏರುತ್ತದೆ. ಒರಟು ಕಲ್ಲು, ನುಣುಪಾದ ಅಮೃತಶಿಲೆ, ನೇರವಾದ ಸ್ತಂಭ, ಹರಿಯುವ ನೀರು ಎಲ್ಲವೂ ಒಂದೇ ಕಡೆ ಇರುವುದರಿಂದ ಕಲಿಯಲು ಇದಕ್ಕಿಂತ ಒಳ್ಳೆಯ ವಸ್ತು ಸಿಗುವುದು ಕಷ್ಟ. ಚೌಕದಲ್ಲೇ ಕುಳಿತು ಬಿಡಿಸುವವರಿಗೂ ಫೋಟೋ ಇಟ್ಟುಕೊಂಡು ಬಿಡಿಸುವವರಿಗೂ ಕ್ರಮ ಒಂದೇ.

ಬೆಳಕು ಮತ್ತು ನಿಲ್ಲುವ ಜಾಗ

ಪಿಯಾಜ್ಜಾ ನವೋನಾ ಉತ್ತರ ದಕ್ಷಿಣವಾಗಿ ಉದ್ದಕ್ಕೆ ಚಾಚಿಕೊಂಡಿರುವ ಚೌಕ. ಪ್ರಾಚೀನ ರೋಮಿನ ಚಕ್ರವರ್ತಿ ಡೊಮಿಷಿಯನ್ ಕಟ್ಟಿಸಿದ ಕ್ರೀಡಾಂಗಣದ ಆಕಾರವನ್ನೇ ಅದು ಇಂದಿಗೂ ಉಳಿಸಿಕೊಂಡಿದೆ. ಕಾರಂಜಿಯ ಪಶ್ಚಿಮಕ್ಕೆ ಸಂತ ಆಗ್ನೆಸ್ ಚರ್ಚಿನ ಮುಂಭಾಗವಿದ್ದು, ಅದು ಪೂರ್ವಕ್ಕೆ ಮುಖ ಮಾಡಿದೆ. ಚಿತ್ರಕಾರರಿಗೆ ಈ ದಿಕ್ಕುಗಳು ಬಹಳ ಮುಖ್ಯ. ಬೆಳಿಗ್ಗೆ ಚರ್ಚಿನ ತಿಳಿ ಬಣ್ಣದ ಮುಂಭಾಗಕ್ಕೆ ನೇರ ಬಿಸಿಲು ಬೀಳುವುದರಿಂದ ಅದರ ಎದುರಿನ ಅಮೃತಶಿಲೆಯೂ ನೀರೂ ಹಿನ್ನೆಲೆಯಲ್ಲಿ ಕರಗಿಹೋಗುತ್ತವೆ. ಬಿಳಿಯ ಮೇಲೆ ಬಿಳಿಯನ್ನು ತೋರಿಸುವ ಇಕ್ಕಟ್ಟು ಬರುತ್ತದೆ. ಮಧ್ಯಾಹ್ನ ಸೂರ್ಯ ನೈಋತ್ಯಕ್ಕೆ ಸರಿದಾಗ ಚರ್ಚಿನ ಮುಂಭಾಗ ನೆರಳಿಗೆ ಸೇರುತ್ತದೆ, ಚೌಕದ ನಡುವಿನ ಕಾರಂಜಿ ಮಾತ್ರ ಇನ್ನೂ ಬಿಸಿಲಿನಲ್ಲಿರುತ್ತದೆ. ಆ ಹೊತ್ತಿನಲ್ಲಿ ಕಾರಂಜಿಯ ಆಗ್ನೇಯಕ್ಕೆ ನಿಂತು ವಾಯವ್ಯದ ಕಡೆ ನೋಡಿದರೆ ಬೆಳಕು ಎಡದಿಂದ ಬರುತ್ತದೆ, ನೆರಳು ಬಲಕ್ಕೆ ಬೀಳುತ್ತದೆ, ಬೆಳಗುವ ನೀರಿನ ಹಿಂದೆ ನೀಲಿ ಛಾಯೆಯ ನೆರಳಿನ ಗೋಡೆ ತಾನಾಗಿಯೇ ಸಿದ್ಧವಾಗಿರುತ್ತದೆ. ನಾನು ಆರಿಸಿಕೊಳ್ಳುವುದು ಯಾವಾಗಲೂ ಈ ಹೊತ್ತನ್ನೇ, ಮತ್ತು ಇಲ್ಲಿನ ಹಂತಗಳೆಲ್ಲ ಈ ಬೆಳಕನ್ನೇ ಆಧರಿಸಿವೆ.

ಸ್ಥಳದಲ್ಲಿ ಬಿಡಿಸುವವರು ನೆನಪಿಡಬೇಕಾದ ಒಂದು ಮಾತಿದೆ: ಎರಡು ಗಂಟೆಯೊಳಗೆ ನೆರಳುಗಳೆಲ್ಲ ಜಾಗ ಬದಲಿಸುತ್ತವೆ. ಆದ್ದರಿಂದ ಕುಳಿತ ಕೂಡಲೇ ನೆರಳಿನ ಅಂಚುಗಳನ್ನು ಪೆನ್ಸಿಲ್‌ನಲ್ಲಿ ಗುರುತು ಹಾಕಿಕೊಳ್ಳಬೇಕು. ಆಮೇಲೆ ಎದುರಿಗೆ ಏನೇ ಬದಲಾದರೂ ಆ ಗುರುತನ್ನು ಬಿಟ್ಟು ಕದಲಬಾರದು.

ಬೇಕಾಗುವ ಸಾಮಗ್ರಿ

ಕಾಗದದ ವಿಷಯದಲ್ಲಿ ರಾಜಿ ಬೇಡ. ನೂರಕ್ಕೆ ನೂರು ಹತ್ತಿಯ, 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ) ತೂಕದ, ಕೋಲ್ಡ್ ಪ್ರೆಸ್ ಎಂಬ ತುಸು ಒರಟು ಮೇಲ್ಮೈಯ ಕಾಗದವನ್ನು ತೆಗೆದುಕೊಳ್ಳಿ. ಅದರ ಸಣ್ಣ ಸಣ್ಣ ಗುಳಿಗಳೇ ಮುಂದೆ ಕಲ್ಲಿನ ಒರಟುತನವನ್ನೂ ನೀರಿನ ಮಿನುಗನ್ನೂ ತಂದುಕೊಡುತ್ತವೆ. ಒಬೆಲಿಸ್ಕಿನ ಎತ್ತರಕ್ಕೆ ಒಗ್ಗುವಂತೆ 38 × 56 ಸೆಂ.ಮೀ. ಅಳತೆಯ ಅರ್ಧ ಹಾಳೆಯನ್ನು ಉದ್ದುದ್ದವಾಗಿ ನಿಲ್ಲಿಸಿ, ಹಲಗೆಗೆ ನಾಲ್ಕೂ ಕಡೆ ಟೇಪ್ ಅಂಟಿಸಿ.

ಬಣ್ಣಗಳು ಆರು ಸಾಕು: ಯೆಲ್ಲೋ ಓಕರ್ (ಮಣ್ಣಿನ ಹಳದಿ), ಬರ್ನ್ಟ್ ಸಿಯೆನ್ನಾ (ಕೆಂಪು ಛಾಯೆಯ ಕಂದು), ಲೈಟ್ ರೆಡ್, ಅಲ್ಟ್ರಾಮರೀನ್ (ಗಾಢ ನೀಲಿ), ಸೆರುಲಿಯನ್ ನೀಲಿ, ವಿರಿಡಿಯನ್ ಹಸಿರು. ಕಪ್ಪು ಬಣ್ಣವನ್ನು ಪ್ಯಾಲೆಟ್ಟಿಗೇ ಸೇರಿಸಬೇಡಿ. ಅಲ್ಟ್ರಾಮರೀನ್ ಮತ್ತು ಬರ್ನ್ಟ್ ಸಿಯೆನ್ನಾ ಬೆರೆತರೆ ಬೂದು ಬಣ್ಣ ಬರುತ್ತದೆ. ನೀಲಿ ಹೆಚ್ಚಾದರೆ ಅದು ತಣ್ಣನೆಯ ನೆರಳಾಗುತ್ತದೆ, ಸಿಯೆನ್ನಾ ಹೆಚ್ಚಾದರೆ ಬಿಸಿಲು ಕಾಯಿಸಿದ ಕಲ್ಲಾಗುತ್ತದೆ, ಎರಡನ್ನೂ ದಪ್ಪವಾಗಿ ಕಲಸಿದರೆ ಕಪ್ಪಿಗೆ ಸಮನಾದ ಕಡುಛಾಯೆಯಾಗುತ್ತದೆ. ಅಲ್ಟ್ರಾಮರೀನಿನ ಕಣಗಳು ಒಣಗುವಾಗ ಕಾಗದದ ಗುಳಿಗಳಲ್ಲಿ ಕೂತು ಸಣ್ಣ ಹರಳಿನಂಥ ಮೇಲ್ಮೈಯನ್ನು ಉಂಟುಮಾಡುವುದರಿಂದ, ಕಲ್ಲು ಬಿಡಿಸುವವರಿಗೆ ಈ ಜೋಡಿಗಿಂತ ನೆರವಾಗುವ ಜೋಡಿ ಇನ್ನೊಂದಿಲ್ಲ.

ಕುಂಚಗಳಲ್ಲಿ ಚೂಪು ತುದಿಯ 12 ಮತ್ತು 8ನೇ ಸಂಖ್ಯೆಯ ದುಂಡು ಕುಂಚಗಳು, ಒಂದು ಅಗಲವಾದ ಚಪ್ಪಟೆ ಕುಂಚ, ಉದ್ದ ಕೂದಲಿನ ಒಂದು ರಿಗರ್ ಕುಂಚ ಇರಲಿ. ಇವುಗಳ ಜೊತೆಗೆ ಮಾಸ್ಕಿಂಗ್ ಫ್ಲೂಯಿಡ್ (ಹಚ್ಚಿದ ಜಾಗಕ್ಕೆ ಬಣ್ಣ ತಾಗದಂತೆ ಕಾಯುವ, ಆಮೇಲೆ ಸುಲಿದು ತೆಗೆಯುವ ದ್ರವ), ಅದನ್ನು ಹಚ್ಚಲು ಹಳೆಯ ಕುಂಚ, ಹತ್ತಿಬಟ್ಟೆ, ಎರಡು ಪಾತ್ರೆ ನೀರು, 2ಬಿ ಪೆನ್ಸಿಲ್, ಮೆತ್ತನೆಯ ರಬ್ಬರ್ ಬೇಕಾಗುತ್ತವೆ.

ಹಂತ 1: ಅಂಗೈಯಷ್ಟು ಕರಡು

ದೊಡ್ಡ ಹಾಳೆಯನ್ನು ಮುಟ್ಟುವ ಮೊದಲು ಅಂಗೈ ಅಗಲದ ಚೌಕಟ್ಟೊಂದರಲ್ಲಿ ಮೂರೇ ಛಾಯೆಗಳ ಕರಡನ್ನು ಪೆನ್ಸಿಲ್‌ನಲ್ಲಿ ಮಾಡಿ: ಬಿಳಿ, ನಡುಬೂದು, ಕಡುಗಪ್ಪು. ಕಣ್ಣುಗಳನ್ನು ಅರ್ಧ ಮುಚ್ಚಿ ಕಾರಂಜಿಯನ್ನು ನೋಡಿದರೆ ಕೆತ್ತನೆಯ ವಿವರಗಳು ಮಾಯವಾಗಿ ಬೆಳಕು ಮತ್ತು ನೆರಳಿನ ದೊಡ್ಡ ಆಕಾರಗಳಷ್ಟೇ ಉಳಿಯುತ್ತವೆ. ಆ ಆಕಾರಗಳನ್ನು ಮಾತ್ರ ಗುರುತು ಮಾಡಿಕೊಳ್ಳಿ.

ಈ ಕಾರಂಜಿಯಲ್ಲಿ ಅತ್ಯಂತ ಕಡುವಾದ ಜಾಗ ಎಲ್ಲಿದೆ ಎಂದು ಹುಡುಕಿದರೆ ಬರ್ನಿನಿಯ ಜಾಣ್ಮೆ ಕಣ್ಣಿಗೆ ಬೀಳುತ್ತದೆ. ಆ ಭಾರವಾದ ಒಬೆಲಿಸ್ಕ್ ನಿಂತಿರುವುದು ಗಟ್ಟಿಯಾದ ಬಂಡೆಯ ಮೇಲಲ್ಲ. ಬಂಡೆಯ ಒಡಲನ್ನು ಗುಹೆಯಂತೆ ಕೊರೆದು, ಈ ಕಡೆಯಿಂದ ಆ ಕಡೆಗೆ ಕಾಣುವಂತೆ ಟೊಳ್ಳು ಮಾಡಲಾಗಿದೆ. ಭಾರವೆಲ್ಲ ಮೇಲೆ, ಅದರ ಕೆಳಗೆ ಬರಿದು ಜಾಗ. ನೋಡುಗರನ್ನು ಬೆರಗುಗೊಳಿಸುವ ಈ ಗುಹೆಯೇ ನಿಮ್ಮ ಚಿತ್ರದ ಕಡುಗಪ್ಪು, ಮತ್ತು ಅದರ ಆಚೆಯಿಂದ ಇಣುಕುವ ಬೆಳಕಿನ ತುಣುಕು ಉಳಿಸಬೇಕಾದ ಬಿಳಿಗಳಲ್ಲಿ ಒಂದು. ಕರಡಿನಲ್ಲಿ ಇವೆರಡೂ ಅಕ್ಕಪಕ್ಕ ಕುಳಿತರೆ ಚಿತ್ರದ ಕೇಂದ್ರ ಸಿಕ್ಕಿತೆಂದೇ ಅರ್ಥ.

ಹಂತ 2: ರೇಖಾಚಿತ್ರ

ಹಾಳೆಯ ನಟ್ಟನಡುವಿಗಿಂತ ತುಸು ಎಡಕ್ಕೆ ಒಂದು ಲಂಬ ರೇಖೆ ಎಳೆಯಿರಿ. ಇದು ಒಬೆಲಿಸ್ಕಿನ ಅಕ್ಷ. ನೆರಳು ಬಲಕ್ಕೆ ಬೀಳುವುದರಿಂದ ಆ ಕಡೆ ಜಾಗ ಹೆಚ್ಚಿರಬೇಕು. ತೋಳನ್ನು ಪೂರ್ತಿ ಚಾಚಿ ಪೆನ್ಸಿಲ್ ಹಿಡಿದು, ಬಂಡೆಯ ಗುಡ್ಡೆಯ ಎತ್ತರವನ್ನು ಒಂದು ಮಾನವಾಗಿಟ್ಟುಕೊಂಡು, ಸ್ತಂಭ ಅದರ ಎಷ್ಟು ಪಾಲು ಎಂದು ಅಳೆಯಿರಿ. ಹೊಸಬರು ಬಂಡೆಯನ್ನೂ ಪ್ರತಿಮೆಗಳನ್ನೂ ದೊಡ್ಡದಾಗಿ ಬಿಡಿಸಿ ಕೊನೆಗೆ ಸ್ತಂಭಕ್ಕೆ ಜಾಗವಿಲ್ಲದೆ ಅದನ್ನು ಮೊಟಕು ಮಾಡುವುದು ತೀರ ಸಾಮಾನ್ಯ. ಸ್ತಂಭದ ತುದಿಯನ್ನು ಮೊದಲು ಗುರುತಿಸಿ, ಅಲ್ಲಿಂದ ಕೆಳಗೆ ಇಳಿಯುತ್ತ ಬಂದರೆ ಈ ತೊಂದರೆ ಇರುವುದಿಲ್ಲ. ಸ್ತಂಭ ಮೇಲಕ್ಕೆ ಹೋದಂತೆ ಸಣ್ಣಗಾಗುತ್ತದೆ. ಅದರ ಎರಡು ಮುಖಗಳು ಒಟ್ಟಿಗೆ ಕಾಣುತ್ತವೆ, ಎಡದ್ದು ಬಿಸಿಲಿನಲ್ಲಿ, ಬಲದ್ದು ನೆರಳಿನಲ್ಲಿ. ತುದಿಯಲ್ಲಿ ಪೋಪರ ಪಂಫೀಲಿ ಮನೆತನದ ಲಾಂಛನವಾದ ಪಾರಿವಾಳವಿದೆ, ಅದಕ್ಕೆ ಒಂದು ಚುಕ್ಕೆ ಸಾಕು.

ನೀರಿನ ತೊಟ್ಟಿ ನೆಲದಿಂದ ಹೆಚ್ಚು ಎತ್ತರವಿಲ್ಲ. ನಿಂತ ಕಣ್ಣಿಗೆ ಅದರ ಬಾಯಿ ತೀರ ಚಪ್ಪಟೆಯಾದ ಅಂಡಾಕಾರವಾಗಿ ಕಾಣುತ್ತದೆ. ತೊಟ್ಟಿ ದುಂಡಗಿದೆ ಎಂಬುದು ತಲೆಯಲ್ಲಿ ಕೂತಿರುವುದರಿಂದ ಕೈ ಅದನ್ನು ದುಂಡಗೆ ಮಾಡಲು ನೋಡುತ್ತದೆ. ಆಗ ತೊಟ್ಟಿ ನಮ್ಮ ಕಡೆಗೆ ಬಾಗಿ ನೀರು ಚೆಲ್ಲುವಂತೆ ಕಾಣುತ್ತದೆ. ಅಂಡಾಕಾರದ ಎರಡು ತುದಿಗಳು ಮೀನಿನ ಬಾಲದಂತೆ ಮೊನಚಾಗದೆ ಸಣ್ಣದಾಗಿ ದುಂಡಗಾಗಿ ತಿರುಗಬೇಕು. ಮಣಿಕಟ್ಟನ್ನು ಕದಲಿಸದೆ ಇಡೀ ತೋಳನ್ನು ಆಡಿಸುತ್ತ, ಕಾಗದಕ್ಕೆ ಪೆನ್ಸಿಲ್ ತಾಗಿಸದೆ ನಾಲ್ಕು ಸಲ ಸುತ್ತಿ, ಐದನೆಯ ಸಲ ತಾಗಿಸಿ ನೋಡಿ.

ಪ್ರತಿಮೆಗಳಿಗೆ ಬರೋಣ. ಯಾವ ಯಾವ ನದಿ ಎದುರಿಗೆ ಬರುತ್ತದೆ ಎಂಬುದು ನಿಂತ ಜಾಗವನ್ನು ಅವಲಂಬಿಸಿದೆ, ಆದರೆ ಬಿಡಿಸುವ ರೀತಿ ನಾಲ್ಕಕ್ಕೂ ಒಂದೇ. ಗಂಗೆಯನ್ನೇ ನೋಡಿ. ನಾವು ಹೆಣ್ಣೆಂದು ಕರೆಯುವ ಗಂಗೆ ಇಲ್ಲಿ ಗಡ್ಡಬಿಟ್ಟ ಗಂಡಸು. ಕೈಯಲ್ಲಿ ಉದ್ದನೆಯ ಹುಟ್ಟು ಹಿಡಿದು ಬಂಡೆಗೆ ಒರಗಿ ಕುಳಿತಿದ್ದಾನೆ. ಮೊದಲು ಆ ಹುಟ್ಟಿನ ಓರೆಗೆರೆಯನ್ನು ಎಳೆಯಿರಿ. ಆಮೇಲೆ ಭುಜದಿಂದ ಮಂಡಿಯವರೆಗೆ ಹರಿಯುವ ದೇಹದ ವಾಲನ್ನು ಒಂದೇ ಬಾಗುಗೆರೆಯಲ್ಲಿ ಹಿಡಿಯಿರಿ. ತಲೆ, ಎದೆ, ತೊಡೆ ಇವು ಮೂರು ಸರಳ ಆಕಾರಗಳಾಗಿರಲಿ. ಬೆರಳು, ಕಣ್ಣು, ಗಡ್ಡದ ಸುರುಳಿಗಳನ್ನು ಬಿಡಿಸಲೇಬೇಡಿ. ಎದೆಯ ಕೆಳಗಿನ ನೆರಳು ಮತ್ತು ತೊಡೆಯ ಕೆಳಗಿನ ನೆರಳು ಸರಿಯಾದ ಜಾಗದಲ್ಲಿ ಬಿದ್ದರೆ ನೋಡುಗರ ಕಣ್ಣು ಉಳಿದದ್ದನ್ನೆಲ್ಲ ತಾನೇ ತುಂಬಿಕೊಳ್ಳುತ್ತದೆ. ನೈಲ್ ನದಿಯ ತಲೆಯನ್ನು ಬರ್ನಿನಿ ಬಟ್ಟೆಯಿಂದ ಮುಚ್ಚಿಸಿದ್ದು ಆ ನದಿಯ ಮೂಲ ಅಂದಿಗೆ ತಿಳಿದಿರಲಿಲ್ಲ ಎಂಬುದನ್ನು ಸೂಚಿಸಲು. ಆ ಮುಖ ಕಾಣದಿದ್ದರೂ ಬಟ್ಟೆಯ ಮಡಿಕೆಯ ನೆರಳಿನಿಂದಲೇ ಅಲ್ಲಿ ತಲೆಯಿದೆ ಎಂದು ಗೊತ್ತಾಗುತ್ತದೆ. ಕುಂಚ ಮಾಡಬೇಕಾದ ಕೆಲಸವೂ ಅದೇ.

ರಿಯೊ ಡೆ ಲಾ ಪ್ಲಾಟಾ ಪ್ರತಿಮೆ ಕೈ ಎತ್ತಿರುವುದು ಎದುರಿನ ಚರ್ಚು ತನ್ನ ಮೇಲೆ ಕುಸಿದೀತೆಂಬ ಭಯದಿಂದ ಎಂಬ ಕಥೆಯೊಂದು ರೋಮಿನಲ್ಲಿ ಪ್ರಚಲಿತವಿದೆ. ಬರ್ನಿನಿಯ ಪ್ರತಿಸ್ಪರ್ಧಿ, ವಾಸ್ತುಶಿಲ್ಪಿ ಬೊರೊಮಿನಿ ಆ ಚರ್ಚಿನ ಕೆಲಸದಲ್ಲಿ ತೊಡಗಿದ್ದು ಕಾರಂಜಿ ಮುಗಿದ ಮೇಲೆ, ಹಾಗಾಗಿ ಕಥೆ ನಿಜವಲ್ಲ. ಆದರೂ ಎತ್ತಿದ ಆ ಕೈಗೆ ನಾಟಕೀಯತೆಯಂತೂ ಇದೆ. ನೀವು ನಿಂತ ಕಡೆಯಿಂದ ಅದು ಕಾಣುವುದಾದರೆ ಹಿಂದಿನ ನೆರಳಿನ ಗೋಡೆಗೆ ಎದುರಾಗಿ ಸ್ವಚ್ಛವಾದ ಅಂಚಿನೊಂದಿಗೆ ಬಿಳಿಯಾಗಿ ಉಳಿಸಿ.

ಹಂತ 3: ಬಿಳಿಯನ್ನು ಕಾಯ್ದಿಡುವುದು

ಈ ಕಾರಂಜಿಯಲ್ಲಿ ನೀರು ಆಕಾಶಕ್ಕೆ ಚಿಮ್ಮುವುದಿಲ್ಲ. ಬಂಡೆಯ ಬಿರುಕುಗಳಿಂದ ಹೊರಬಂದು ತೊಟ್ಟಿಗೆ ಧುಮುಕುತ್ತದೆ. ಬಿಡಿಸುವವರ ದೃಷ್ಟಿಯಿಂದ ಅಲ್ಲಿ ಮೂರು ಬಗೆಯ ನೀರಿದೆ, ಮೂರನ್ನೂ ಬೇರೆ ಬೇರೆಯಾಗಿ ಉಳಿಸಿಕೊಳ್ಳಬೇಕು.

ಬಿರುಕಿನಿಂದ ಚಿಮ್ಮುವ ತೆಳುವಾದ ಧಾರೆಗಳಿಗೆ ಮಾಸ್ಕಿಂಗ್ ಫ್ಲೂಯಿಡ್ ಸರಿ. ಕುಂಚವನ್ನು ಮೊದಲು ಸೋಪಿನ ನೀರಿನಲ್ಲಿ ಅದ್ದಿ ಹಿಂಡಿ, ಬಳಿಕ ದ್ರವದಲ್ಲಿ ಅದ್ದಿ, ನೀರು ಬೀಳುವ ದಿಕ್ಕಿನಲ್ಲೇ ಒಂದೇ ಬೀಸಿಗೆ ಎಳೆಯಿರಿ. ಧಾರೆ ಹೊರಡುವಲ್ಲಿ ತೆಳ್ಳಗೆ, ಬೀಳುವಲ್ಲಿ ಒಡೆದು ಚುಕ್ಕೆಗಳಾಗಿರಲಿ. ಎಲ್ಲ ಧಾರೆಗಳೂ ಒಂದೇ ದಪ್ಪದಲ್ಲಿದ್ದರೆ ಬಂಡೆಗೆ ದಾರ ಕಟ್ಟಿದಂತೆ ಕಾಣುತ್ತದೆ. ಬಂಡೆಯ ಮೇಲಿಂದ ಹಾಳೆಯಂತೆ ಜಾರುವ ನೀರಿಗೆ ಮಾಸ್ಕಿಂಗ್ ಬೇಡ. ಅಲ್ಲಿ ಕುಂಚವನ್ನು ಬಹುಪಾಲು ಒಣಗಿಸಿಕೊಂಡು ಕಾಗದದ ಮೇಲೆ ಅಡ್ಡಡ್ಡ ಮಲಗಿಸಿ ಬೇಗ ಎಳೆದರೆ ಬಣ್ಣ ಉಬ್ಬುಗಳಿಗೆ ಮಾತ್ರ ತಾಗಿ ಗುಳಿಗಳು ಬಿಳಿಯಾಗಿ ಉಳಿಯುತ್ತವೆ. ಧಾರೆ ತೊಟ್ಟಿಯ ನೀರಿಗೆ ಬಿದ್ದು ನೊರೆಯಾಗುವ ಜಾಗಕ್ಕೆ ಗಡಿಯೇ ಇರಬಾರದು. ಅದನ್ನು ಶುದ್ಧ ನೀರಿನಿಂದ ಒದ್ದೆ ಮಾಡಿಟ್ಟುಕೊಂಡು, ಸುತ್ತಲಿನ ಬಣ್ಣ ತಾನಾಗಿ ಅದರೊಳಗೆ ಮಸುಕಾಗಿ ಹರಡಲು ಬಿಡಬೇಕು.

ಮಾಸ್ಕಿಂಗ್ ಫ್ಲೂಯಿಡ್ ಹಚ್ಚಿದ ಹಾಳೆಯನ್ನು ಬಿಸಿಲಿನಲ್ಲಿಯೋ ಹೇರ್ ಡ್ರೈಯರಿನಿಂದಲೋ ಒಣಗಿಸಬೇಡಿ, ದಿನಗಟ್ಟಲೆ ಇಡಲೂ ಬೇಡಿ. ಒಮ್ಮೆ ನಾನು ಅರ್ಧ ಮುಗಿದ ಚಿತ್ರವನ್ನು ವಾರವಿಡೀ ಬಿಟ್ಟು ಆಮೇಲೆ ಅದನ್ನು ಸುಲಿಯಲು ಹೋದಾಗ, ಸೊಗಸಾಗಿ ಬಂದಿದ್ದ ಧಾರೆಯ ಜೊತೆಗೆ ಕಾಗದದ ಮೇಲ್ಪದರವೂ ಕಿತ್ತುಬಂದಿತು. ಆ ಜಾಗದಲ್ಲಿ ಮತ್ತೆ ಯಾವ ಬಣ್ಣವೂ ಸರಿಯಾಗಿ ನಿಲ್ಲಲಿಲ್ಲ. ಅಂದಿನಿಂದ ಹಚ್ಚಿದ ದಿನವೇ ತೆಗೆಯುವುದನ್ನು ರೂಢಿ ಮಾಡಿಕೊಂಡಿದ್ದೇನೆ.

ಹಂತ 4: ಮೊದಲ ವಾಶ್ (ತೆಳುಬಣ್ಣದ ಹಾಸು)

ಮಾಸ್ಕಿಂಗ್ ಒಣಗಿದ ಮೇಲೆ ಹಲಗೆಯನ್ನು ತುಸು ಓರೆಯಾಗಿಸಿ. ಯೆಲ್ಲೋ ಓಕರಿಗೆ ಚೂರು ಲೈಟ್ ರೆಡ್ ಸೇರಿಸಿ ನೀರುಮಜ್ಜಿಗೆಯಷ್ಟು ತೆಳುವಾಗಿ ಕಲಸಿ, ಕಟ್ಟಡಗಳು, ಬಂಡೆ, ನೆಲ ಎಲ್ಲದರ ಮೇಲೂ ಅಗಲ ಕುಂಚದಿಂದ ಹಾಯಿಸಿ. ಪ್ರತಿಮೆಗಳ ಬಿಸಿಲು ಬಿದ್ದ ಎಡಭಾಗಗಳು, ನೊರೆ, ಗುಹೆಯ ಆಚೆಯ ಬೆಳಕು ಇವುಗಳನ್ನು ಮಾತ್ರ ತಪ್ಪಿಸಿ. ಆಕಾಶಕ್ಕೆ ಮೇಲಿನಿಂದ ಸೆರುಲಿಯನ್ ಇಳಿಸುತ್ತ ಬಂದು, ಛಾವಣಿಗಳ ಹತ್ತಿರ ಓಕರಿನ ಜೊತೆ ಬೆರೆಯುವ ಮುನ್ನ ನೀರಿನಿಂದ ತೆಳುಮಾಡಿ. ಇಲ್ಲವಾದರೆ ಎರಡೂ ಸೇರಿ ಹಸಿರಾಗುತ್ತದೆ. ಇದು ಪೂರ್ತಿ ಒಣಗಲಿ. ಅಂಗೈಯ ಹಿಂಭಾಗ ತಾಗಿಸಿದಾಗ ತಂಪೆನಿಸಿದರೆ ಕಾಗದ ಇನ್ನೂ ಒಣಗಿಲ್ಲ.

ಹಂತ 5: ಹಿನ್ನೆಲೆ

ಚರ್ಚಿನ ಮುಂಭಾಗವನ್ನು ಬಿಡಿಸುವುದು ಚರ್ಚಿಗಾಗಿ ಅಲ್ಲ, ಅದರ ಮುಂದಿನ ಕಾರಂಜಿಗಾಗಿ. ಅಲ್ಟ್ರಾಮರೀನಿಗೆ ಸ್ವಲ್ಪ ಸಿಯೆನ್ನಾ, ಇನ್ನೂ ಸ್ವಲ್ಪ ಲೈಟ್ ರೆಡ್ ಸೇರಿಸಿ ಹಾಲಿನಷ್ಟು ಗಟ್ಟಿಯಾದ ನೇರಳೆ ಬೂದನ್ನು ಧಾರಾಳವಾಗಿ ಕಲಸಿಟ್ಟುಕೊಳ್ಳಿ. ನಡುವೆ ಮುಗಿದುಹೋದರೆ ಅದೇ ಬಣ್ಣ ಮತ್ತೆ ಬರುವುದಿಲ್ಲ. ಮೇಲಿನಿಂದ ಶುರುಮಾಡಿ, ಕುಂಚದ ತುದಿಯಲ್ಲಿ ಸದಾ ಬಣ್ಣದ ಹನಿ ಇರುವಂತೆ ನೋಡಿಕೊಂಡು, ಇಡೀ ಗೋಡೆಯನ್ನು ಒಂದೇ ಆಕಾರವಾಗಿ ತುಂಬುತ್ತ ಇಳಿಯಿರಿ. ಪ್ರತಿಮೆಗಳ ಹೊರರೇಖೆಯನ್ನು ಈಗ ಹಿನ್ನೆಲೆಯೇ ಕೊರೆಯುತ್ತದೆ, ಆದ್ದರಿಂದ ಅಲ್ಲಿ ಚೂಪು ಕುಂಚಕ್ಕೆ ಬದಲಾಯಿಸಿ ನಿಧಾನವಾಗಿ ಸಾಗಿ. ಬೀಳುವ ನೀರಿನ ಹಿಂದೆ ಈ ಬೂದು ಎಲ್ಲಕ್ಕಿಂತ ಗಾಢವಾಗಿರಲಿ, ಹಾಳೆಯ ಅಂಚುಗಳ ಕಡೆಗೆ ತೆಳುವಾಗುತ್ತ ಹೋಗಲಿ. ಕಂಬ, ಕಿಟಕಿಗಳನ್ನು ವಾಶ್ ಅರೆ ಒಣಗಿರುವಾಗಲೇ ಅದೇ ಬಣ್ಣದ ಗಟ್ಟಿ ಮಿಶ್ರಣದಿಂದ ಸೂಚಿಸಿದರೆ ಅಂಚುಗಳು ಮೆತ್ತಗಾಗಿ ಹಿಂದೆ ಸರಿಯುತ್ತವೆ. ಚೌಕದ ಉಳಿದ ಮನೆಗಳ ಕಾವಿ, ಹಳದಿ ಗೋಡೆಗಳಿಗೆ ಸಿಯೆನ್ನಾ ಮತ್ತು ಓಕರ್ ಸಾಕು.

ಹಂತ 6: ಬಂಡೆ, ಪ್ರತಿಮೆ, ಸ್ತಂಭ

ಮೂರು ಕಲ್ಲುಗಳಿಗೆ ಮೂರು ಬಗೆಯ ಕುಂಚಗಾರಿಕೆ ಬೇಕು.

ಬಂಡೆ ಟ್ರಾವರ್ಟೈನ್ ಕಲ್ಲಿನದು. ರೋಮಿನ ಅನೇಕ ಸ್ಮಾರಕಗಳಲ್ಲಿರುವ ಈ ಕಲ್ಲಿನಲ್ಲಿ ಸಹಜವಾಗಿಯೇ ತೂತುಗಳೂ ಪದರಗಳೂ ಇವೆ. ಸಿಯೆನ್ನಾ ಹೆಚ್ಚಿರುವ ಬೂದನ್ನು ಒಣ ಕುಂಚದಲ್ಲಿ ಓರೆಯಾಗಿ ಎಳೆದು ಪದರಗಳನ್ನು ತೋರಿಸಿ; ನೀರು ಹರಿದು ತೇವವಾದ ಕಡೆ ಅದೇ ಬಣ್ಣವನ್ನು ಒದ್ದೆ ಕಾಗದದ ಮೇಲೆ ಬಿಟ್ಟು ಚೂರು ವಿರಿಡಿಯನ್ ಸೇರಿಸಿ. ಗುಹೆಯನ್ನು ಒಂದೇ ಸಲಕ್ಕೆ ಕಡುವಾಗಿ ತುಂಬಿ: ಅಲ್ಟ್ರಾಮರೀನ್ ಮತ್ತು ಸಿಯೆನ್ನಾವನ್ನು ಕೆನೆಯಷ್ಟು ದಪ್ಪವಾಗಿ ಕಲಸಿ, ಕಾಗದದ ಮೇಲೆಯೇ ಒಂದು ಕಡೆ ನೀಲಿಯನ್ನೂ ಇನ್ನೊಂದು ಕಡೆ ಸಿಯೆನ್ನಾವನ್ನೂ ಹನಿಸಿದರೆ ಕತ್ತಲೆಯೊಳಗೂ ಬಣ್ಣ ಉಸಿರಾಡುತ್ತದೆ. ಪದರ ಪದರವಾಗಿ ಕಪ್ಪಾಗಿಸಲು ಹೋದರೆ ಆ ಜಾಗ ಕೆಸರಾಗುತ್ತದೆ.

ಅಮೃತಶಿಲೆಯ ಪ್ರತಿಮೆಗಳ ಬಿಸಿಲ ಭಾಗ ಕಾಗದವೇ. ನೆರಳಿನ ಭಾಗಕ್ಕೆ ತೆಳುವಾದ ಅಲ್ಟ್ರಾಮರೀನ್ ಬೂದನ್ನು ಒಂದೇ ಜೋಡಿಕೊಂಡ ಆಕಾರವಾಗಿ ಹಾಕಿ: ಕುತ್ತಿಗೆಯ ನೆರಳು ಎದೆಗೆ, ಎದೆಯದು ಹೊಟ್ಟೆಗೆ, ಹೊಟ್ಟೆಯದು ಬಂಡೆಗೆ ಸೇರುತ್ತ ಇಳಿಯಲಿ. ಇನ್ನೂ ಒದ್ದೆಯಿರುವಾಗ ಮೈಯ ಕೆಳಬದಿಗೆ ಓಕರಿನ ಒಂದು ಹನಿ ಮುಟ್ಟಿಸಿ. ಬಿಸಿಲು ಬಿದ್ದ ನೆಲದಿಂದಲೂ ನೀರಿನಿಂದಲೂ ಹೊಮ್ಮುವ ಬೆಳಕು ಅಲ್ಲಿ ನಿಜಕ್ಕೂ ಬಿದ್ದಿರುತ್ತದೆ. ಆ ಒಂದು ಬೆಚ್ಚನೆಯ ಹನಿಯಿಂದ ಶಿಲೆಗೆ ಮೈದುಂಬಿ ಬರುವುದನ್ನು ನೋಡುವುದು ನನಗೆ ಇಡೀ ಚಿತ್ರದ ಅತ್ಯಂತ ಸಂತೋಷದ ಗಳಿಗೆ.

ಒಬೆಲಿಸ್ಕಿಗೆ ಲೈಟ್ ರೆಡ್ ಮತ್ತು ಅಲ್ಟ್ರಾಮರೀನ್ ಸೇರಿಸಿದ ತಿಳಿಗೆಂಪು ಬೂದು. ಎರಡು ಮುಖಗಳ ನಡುವಿನ ಅಂಚು ಮಾತ್ರ ಅಲುಗಿನಂತೆ ಚೂಪಾಗಿರಲಿ. ಅದರ ಮೇಲಿನ ಚಿತ್ರಲಿಪಿಯನ್ನು ಅಕ್ಷರ ಅಕ್ಷರವಾಗಿ ನಕಲು ಮಾಡದೆ, ಅರ್ಧದಷ್ಟು ಎತ್ತರಕ್ಕೆ ಹತ್ತಾರು ಮುರಿದ ಗುರುತುಗಳನ್ನು ರಿಗರಿನಿಂದ ಹಾಕಿ ನಿಲ್ಲಿಸಿ.

ಹಂತ 7: ತೊಟ್ಟಿಯ ನೀರು

ನೊರೆಯ ಜಾಗವನ್ನು ಶುದ್ಧ ನೀರಿನಿಂದ ಒದ್ದೆ ಮಾಡಿ. ಸೆರುಲಿಯನ್ ಮತ್ತು ವಿರಿಡಿಯನ್ ಬೆರೆಸಿ ತೊಟ್ಟಿಯ ದೂರದ ಅಂಚಿನಿಂದ ಅಡ್ಡಗೀಟುಗಳಲ್ಲಿ ಮುಂದಕ್ಕೆ ಬನ್ನಿ. ದೂರದಲ್ಲಿ ಗೀಟುಗಳು ಸಣ್ಣಗೆ ಒತ್ತಾಗಿರಲಿ, ಹತ್ತಿರ ಬಂದಂತೆ ಅಗಲವಾಗಿ ವಿರಳವಾಗಲಿ. ಒಣಗಿದ ಮೇಲೆ ಬಂಡೆಯ ಪ್ರತಿಬಿಂಬವನ್ನು ಸಿಯೆನ್ನಾ ಬೂದಿನಲ್ಲಿ, ಬಂಡೆಯ ನೇರ ಕೆಳಗೆ, ಮುರಿದ ಅಡ್ಡಗೀಟುಗಳಾಗಿ ಸೇರಿಸಿ. ಬೀಳುವ ನೀರಿಗೆ ಲಂಬವಾದ ಬೀಸು, ನಿಂತ ನೀರಿಗೆ ಅಡ್ಡ ಬೀಸು ಎಂಬ ಈ ಭೇದವೊಂದನ್ನು ಪಾಲಿಸಿದರೂ ಎರಡೂ ಬೇರೆ ಬೇರೆಯಾಗಿ ಕಾಣುತ್ತವೆ.

ಈಗ ಮಾಸ್ಕಿಂಗ್ ಸುಲಿಯಿರಿ. ತೆರೆದುಕೊಳ್ಳುವ ಬಿಳಿಗೆರೆಗಳ ಅಂಚು ಕತ್ತರಿಸಿದಂತೆ ಗಡುಸಾಗಿರುತ್ತದೆ, ಹಾಗೆಯೇ ಬಿಡಬಾರದು. ಒದ್ದೆ ಕುಂಚದಿಂದ ಧಾರೆಯ ಒಂದು ಬದಿಯನ್ನು ಮಾತ್ರ ಉಜ್ಜಿ ಮೆತ್ತಗಾಗಿಸಿ, ನೆರಳಿನ ಕಡೆಯ ಧಾರೆಗಳಿಗೆ ತೆಳುನೀಲಿಯ ಒಂದು ಪದರ ಕೊಡಿ. ಅಪ್ಪಟ ಬಿಳಿ ಎರಡು ಮೂರು ಧಾರೆಗಳಿಗೆ ಮೀಸಲಾಗಿರಲಿ, ಅವೂ ಗುಹೆಯ ಕತ್ತಲಿಗೆ ಎದುರಾಗಿರುವಂಥವೇ ಆಗಿರಲಿ.

ಹಂತ 8: ನೆಲ, ಜನ, ತಿದ್ದುಪಡಿ

ಕಾರಂಜಿಯ ನೆರಳನ್ನು ಬಲಕ್ಕೆ, ನೆಲದ ಮೇಲೆ ಒಂದೇ ಬೀಸಿನಲ್ಲಿ ಹಾಕಿ. ಕಲ್ಲುಹಾಸಿನ ಒಂದೊಂದು ಕಲ್ಲನ್ನೂ ಬಿಡಿಸುವ ಅಗತ್ಯವಿಲ್ಲ. ತೊಟ್ಟಿಯ ಪಕ್ಕ ಇಬ್ಬರು ಮೂವರು ಜನರನ್ನು ನಿಲ್ಲಿಸಿದರೆ ಪ್ರತಿಮೆಗಳ ದೈತ್ಯಗಾತ್ರ ತಿಳಿಯುತ್ತದೆ. ನಿಂತು ನೋಡುವಾಗ ನಿಮ್ಮ ಕಣ್ಣಿನ ಮಟ್ಟದಲ್ಲೇ ಅವರೆಲ್ಲರ ತಲೆಗಳೂ ಇರಬೇಕು, ದೂರದವರ ಕಾಲುಗಳು ಮಾತ್ರ ಮೇಲಕ್ಕೆ ಸರಿಯುತ್ತವೆ.

ಕಳೆದುಕೊಂಡ ಮಿನುಗನ್ನು ಮರಳಿ ಪಡೆಯಲು ದಾರಿಗಳಿವೆ. ಒಣಗಿದ ಬಣ್ಣವನ್ನು ಒದ್ದೆ ಕುಂಚದಿಂದ ಸಡಿಲಿಸಿ ಹತ್ತಿಬಟ್ಟೆಯಿಂದ ಒತ್ತಿ ತೆಗೆಯಬಹುದು. ಬ್ಲೇಡಿನ ಮೂಲೆಯಿಂದ ಕೆರೆದು ನೀರಿನ ಕಿಡಿಗಳನ್ನು ಎಬ್ಬಿಸಬಹುದು. ಬಿಳಿ ಗೌಶ್ (ಅಪಾರದರ್ಶಕ ಜಲವರ್ಣ) ಬಣ್ಣದ ನಾಲ್ಕಾರು ಹನಿ ಸಿಡಿಸಬಹುದು. ಅಪಾರದರ್ಶಕ ಬಿಳಿ ಬಳಸಿದರೆ ಜಲವರ್ಣದ ಮಡಿ ಕೆಡುತ್ತದೆ ಎನ್ನುವವರಿದ್ದಾರೆ. ಇಟಲಿಯ ಉದ್ಯಾನಗಳ ಕಾರಂಜಿಗಳನ್ನೂ ಪ್ರತಿಮೆಗಳನ್ನೂ 20ನೇ ಶತಮಾನದ ಆರಂಭದಲ್ಲಿ ಬೆರಗಾಗುವಂತೆ ಬಿಡಿಸಿದ ಜಾನ್ ಸಿಂಗರ್ ಸಾರ್ಜೆಂಟ್ ತಮ್ಮ ಜಲವರ್ಣಗಳಲ್ಲಿ ಮೇಣವನ್ನೂ ಅಪಾರದರ್ಶಕ ಬಣ್ಣವನ್ನೂ ಸಂಕೋಚವಿಲ್ಲದೆ ಬಳಸಿದ್ದರು. ಆದರೂ ಗೌಶಿನ ಬಿಳಿ ಸಿಡಿದ ಹನಿಗಳಿಗಷ್ಟೇ ಇರಲಿ; ಮುಖ್ಯ ಧಾರೆಗಳಿಗೆ ಅದನ್ನು ಹಚ್ಚಿದರೆ ಸುಣ್ಣ ಬಳಿದಂತೆ ಕಾಣುತ್ತದೆ.

ಟೇಪ್ ಬಿಡಿಸುವ ಮೊದಲು ಚಿತ್ರವನ್ನು ಕನ್ನಡಿಯಲ್ಲಿ ನೋಡಿ. ಸ್ತಂಭ ವಾಲಿದ್ದರೆ, ತೊಟ್ಟಿ ಒಂದು ಕಡೆ ತಗ್ಗಿದ್ದರೆ ತಟ್ಟನೆ ಗೊತ್ತಾಗುತ್ತದೆ. ನೆರಳಿನ ಅಂಚನ್ನು ತುಸು ಬೆಳೆಸಿ ಅವನ್ನು ಸರಿಪಡಿಸಿಕೊಳ್ಳಬಹುದು. ಬಳಿಕ ಗುಹೆಯ ಆಚೆ ಉಳಿಸಿದ್ದ ಆ ಬೆಳಕಿನ ತುಣುಕನ್ನು ಹುಡುಕಿ. ಕೆಲಸದ ಭರದಲ್ಲಿ ಅದು ಮುಚ್ಚಿಹೋಗಿದ್ದರೆ, ಒದ್ದೆ ಕುಂಚದಿಂದ ಅಷ್ಟು ಜಾಗದ ಬಣ್ಣವನ್ನು ಮೇಲೆತ್ತಿ, ಟೇಪನ್ನು ಒಳಮೂಲೆಯಿಂದ ಹೊರಕ್ಕೆ ನಿಧಾನವಾಗಿ ಎಳೆಯಿರಿ.